ಕುರಂಜಿ ತುದಿಯ ಮೆಟ್ಟಿಲು ಯಾಕೆ ಮುಟ್ಟುವುದಿಲ್ಲ

ಆಗ ಲೋಕ ಹೊಸದು. ಎಷ್ಟು ಹೊಸದೆಂದರೆ, ಹೊಳೆಗೆ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಯಾವ ತಿಂಗಳಲ್ಲಿ ಕೂಗಬೇಕು ಅನ್ನುವುದು ಕೋಗಿಲೆಗೆ ತಿಳಿದಿರಲಿಲ್ಲ. ಗಾಳಿ ಮಾತ್ರ ಎಲ್ಲ ಬಲ್ಲವರ ಹಾಗೆ ಹಗಲೂ ರಾತ್ರಿ ಓಡಾಡುತ್ತಿತ್ತು. ಹುಟ್ಟಿದಾಗಿನಿಂದ ಅದು ಒಮ್ಮೆಯೂ ಮಲಗಿರಲಿಲ್ಲ.

ಆ ಕಾಲದಲ್ಲಿ ರಾಗಗಳು ನಮ್ಮ ನಿಮ್ಮ ಹಾಗೆ ಕೈಕಾಲು ಇದ್ದವರು. ಒಂದು ಬೆಟ್ಟದ ಬುಡದಲ್ಲಿ ಎಲ್ಲರ ವಾಸ. ಬೆಟ್ಟಕ್ಕೆ ಕಲ್ಲಿನ ಮೆಟ್ಟಿಲು. ಬುಡದ ಮೆಟ್ಟಿಲಿಗೆ 'ಸ' ಎಂದು ಹೆಸರು. ಅದರ ಮೇಲೆ ರಿ, ಗ, ಮ, ಪ, ದ, ನಿ. ತುದಿಯಲ್ಲಿ ಮತ್ತೊಂದು ಸ. ಬುಡದಿಂದ ಹೊಳೆಯ ಕಡೆಗೆ ಒಂದು ಮೆಟ್ಟಿಲು ಇಳಿದರೆ, ಅಲ್ಲೂ ಒಂದು ನಿ ಇತ್ತು. ಆ ಕೆಳಗಿನ ನಿ ಕಡೆಗೆ ಯಾರೂ ಅಷ್ಟಾಗಿ ಹೋಗುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಗಾಳಿ ಬಂದು ಕಟ್ಟಳೆ ಹೊರಡಿಸಿತು. "ಸಂಜೆ ದೀಪ ಹಚ್ಚೋದರೊಳಗೆ ಎಲ್ಲರೂ ಬೆಟ್ಟ ಹತ್ತಿ, ತುದಿಯ ಸ ಮೆಟ್ಟಿಲನ್ನು ಎರಡೂ ಕೈಯಿಂದ ಮುಟ್ಟಿ ಇಳೀಬೇಕು. ಮುಟ್ಟಿದವರ ಹಾಡನ್ನ ನಾನು ಊರೂರಿಗೆ ಒಯ್ತೀನಿ. ಮುಟ್ಟದವರು ಇಲ್ಲೇ ಕರಗಿಹೋಗಲಿ."

ಅದು ಬರೀ ಬೆದರಿಕೆಯಲ್ಲ. ಯಾರ ಬಾಯಲ್ಲೂ ಉಳಿಯದ ರಾಗ ಇಬ್ಬನಿಯ ಹಾಗೆ ಇಲ್ಲವಾಗುತ್ತದೆ.

ಹೇಗೆ ಹತ್ತಬೇಕು ಎಂದು ಗಾಳಿ ಹೇಳಲಿಲ್ಲ. ಅದು ಅವರವರ ಇಷ್ಟಕ್ಕೆ ಬಿಟ್ಟದ್ದು. ಮೋಹನ ಉದ್ದ ಕಾಲಿನವನು. ಮ ಮತ್ತು ನಿ ಎರಡನ್ನೂ ತುಳಿಯದೆ ದಾಟಿಕೊಂಡು ಹೋದ, ಹಾಗೇ ದಾಟಿಕೊಂಡು ಬಂದ. ಬಿಲಹರಿ ಹತ್ತುವ ಅವಸರದಲ್ಲಿ ಅವೆರಡನ್ನೂ ಬಿಟ್ಟಳು, ಇಳಿಯುವಾಗ ಮಾತ್ರ ಒಂದನ್ನೂ ಬಿಡಲಿಲ್ಲ. ಸಹಾನ ಪ ತನಕ ಹೋಗಿ, ಒಲೆ ಆರಿಸಿದೆನೋ ಇಲ್ಲವೋ ಎಂದು ಒಂದು ಮೆಟ್ಟಿಲು ಹಿಂದೆ ಬಂದು ಯೋಚಿಸಿ, ಆಮೇಲೆ ಮುಂದೆ ಹೋದಳು. ಅಂತೂ ಎಲ್ಲರೂ ಮುಟ್ಟಿದರು.

ಉಳಿದವಳು ಕುರಂಜಿ.

ಕುರಂಜಿಗೆ ಒಂದು ಎಳೆಗೂಸಿತ್ತು. ಮೇಲೆ ಜನರ ಓಡಾಟ ಜಾಸ್ತಿಯೆಂದು ಅವಳು ಕೆಳಗಿನ ನಿ ಮೆಟ್ಟಿಲ ಪಕ್ಕದ ಹೊಂಗೆ ಮರಕ್ಕೆ ತೊಟ್ಟಿಲು ಕಟ್ಟಿದ್ದಳು. ಕೂಸನ್ನು ಎತ್ತಿಕೊಂಡು ಹೋಗುವ ಹಾಗಿರಲಿಲ್ಲ. ತುದಿಯಲ್ಲಿ ಎರಡೂ ಕೈ ಖಾಲಿ ಇರಬೇಕಲ್ಲ.

ಅವಳು ಸ ಮೆಟ್ಟಿಲಲ್ಲಿ ನಿಂತಳು. ಮನಸ್ಸು ಕೇಳದೆ ಕೆಳಗಿನ ನಿಗೆ ಇಳಿದು ತೊಟ್ಟಿಲೊಳಗೆ ಇಣುಕಿದಳು. ಕೂಸು ಮಲಗಿತ್ತು. ಮತ್ತೆ ಸ, ಆಮೇಲೆ ರಿ, ಗ, ಮ, ಪ. ದ ಮೆಟ್ಟಿಲಿಗೆ ಕಾಲಿಟ್ಟಳು, ಕೂಸು ಅತ್ತಿತು. ಅವಳು ತಿರುಗಿದಳು. ಪ, ಮ, ಗ, ರಿ, ಸ, ನಿ. ತೂಗಿದಳು. ಕೂಸು ಮಲಗಿತು. ಅವಳು ಮತ್ತೆ ಹತ್ತಿದಳು, ದ ಮೆಟ್ಟಿಲಿಗೆ ಬಂದಳು, ಕೂಸು ಮತ್ತೆ ಅತ್ತಿತು.

"ಅತ್ತರೆ ಅಳಲಿ ಬಿಡೇ, ಮಕ್ಕಳು ಅಂದ್ಮೇಲೆ ಅಳ್ದೆ ಇರ್ತವಾ?" ಅಂದಳು ಬಿಲಹರಿ. ಅವಳಿಗೆ ಮಕ್ಕಳಿರಲಿಲ್ಲ.

"ನೀನು ಹೋಗಮ್ಮ, ನಾನು ತೂಗ್ತೀನಿ," ಅಂದಿತು ಹೊಳೆ. ತೂಗುವ ಭರದಲ್ಲಿ ಕೂಸಿನ ಹಾಸಿಗೆ ತೊಪ್ಪೆಯಾಯಿತು. ಕೋಗಿಲೆ ತಾನು ಹಾಡುತ್ತೇನೆಂದು ಮುಂದೆ ಬಂತು. ಬಹಳ ಚೆನ್ನಾಗಿಯೇ ಹಾಡಿತು. ಕೂಸು ನಿದ್ದೆ ಬಿಟ್ಟು, ಕಣ್ಣರಳಿಸಿ, ಕಾಲು ಬಡಿದು ಕೇಳಿತು. ಸಹಾಯ ಮಾಡಿದೆವೆಂಬ ತೃಪ್ತಿ ಇಬ್ಬರಿಗೂ ಆಯಿತು.

ಅಷ್ಟರಲ್ಲಿ ಹೊತ್ತು ಮುಳುಗುತ್ತಾ ಬಂತು. ಕುರಂಜಿ ಇನ್ನೊಮ್ಮೆ ದ ಮೆಟ್ಟಿಲಲ್ಲಿದ್ದಳು. ಉಳಿದದ್ದು ಎರಡೇ ಮೆಟ್ಟಿಲು. ಕೆಳಗಿನಿಂದ ಅಳು ಕೇಳಿಸಿತು. ಅತ್ತೂ ಅತ್ತೂ ಕೂಸಿನ ಗಂಟಲು ಕಟ್ಟಿತ್ತು.

ಅವಳಿಗೂ ಆಸೆಯಿತ್ತು, ಕರಗಿಹೋಗುವ ಭಯವೂ ಇತ್ತು. ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

"ಹತ್ತು!" ಅಂದಿತು ಗಾಳಿ. "ಈಗ ಇಳಿದ್ಯೋ, ನಾಳೆಗೆ ನೀನಿರಲ್ಲ."

"ಮಗೂಗೆ ನಾಳೆ ಅಂದ್ರೆ ಗೊತ್ತಿಲ್ಲಪ್ಪ," ಅಂದಳು ಕುರಂಜಿ. "ಈಗ ಅಳ್ತಿದೆ." ಅಷ್ಟು ಹೇಳಿ ಇಳಿದಳು.

ಗಾಳಿಗೆ ಸಿಟ್ಟು ನೆತ್ತಿಗೇರಿತು. ಬೈಯಲೆಂದೇ ಅವಳ ಹಿಂದೆ ದಡದಡ ಇಳಿದು ಬಂತು. ಅದು ಬಾಯಿ ತೆರೆಯುವಷ್ಟರಲ್ಲಿ ಕುರಂಜಿ ತುಟಿಯ ಮೇಲೆ ಬೆರಳಿಟ್ಟಳು.

"ಶ್! ಬೈಯೋದಿದ್ರೆ ಮೆಲ್ಲಗೆ ಬೈ."

ಗಾಳಿಗೆ ಮೆಲ್ಲಗೆ ಬೈದು ಅಭ್ಯಾಸವಿರಲಿಲ್ಲ. ಇವಳ ಕೆಲಸ ಮುಗಿಯಲಿ, ಆಮೇಲೆ ನೋಡಿಕೊಳ್ಳೋಣ ಎಂದು ತೊಟ್ಟಿಲಿನ ಅಂಚಿನಲ್ಲಿ ಕೂತಿತು. ಕುರಂಜಿ ತೂಗುತ್ತಾ ಹಾಡಿದಳು. ಹೊಸದೇನೂ ಅಲ್ಲ, ಬೆಳಿಗ್ಗೆಯಿಂದ ತಾನು ನಡೆದ ದಾರಿಯನ್ನೇ ಹಾಡಿದಳು. ಕೆಳಗಿನ ನಿ ಮುಟ್ಟಿ, ಹತ್ತಿ, ದ ತನಕ ಹೋಗಿ, ತಿರುಗಿ, ಮತ್ತೆ ತೊಟ್ಟಿಲ ಬಳಿಗೆ. ಮತ್ತೆ ಹತ್ತಿ, ದ ತನಕ ಹೋಗಿ, ತಿರುಗಿ, ಮತ್ತೆ ತೊಟ್ಟಿಲ ಬಳಿಗೆ.

ಕೂಸಿನ ರೆಪ್ಪೆ ಮುಚ್ಚಿತು. ಹೊಂಗೆಯ ಎಲೆ ಅಲುಗುವುದು ನಿಂತಿತು. ರಾಗಗಳು ಮನೆ ಮನೆಯಲ್ಲಿ ದೀಪ ಹಚ್ಚಿದರು, ಒಂದು ದೀಪವೂ ಅಲ್ಲಾಡಲಿಲ್ಲ. ಏನಾಯಿತೆಂದು ಹೊರಗೆ ಬಂದು ನೋಡಿದರೆ, ಗಾಳಿ ತೊಟ್ಟಿಲಿನ ಅಂಚಿಗೆ ತಲೆಯಿಟ್ಟು ನಿದ್ದೆ ಹೋಗಿತ್ತು. ಯಾರೂ ಎಬ್ಬಿಸಲಿಲ್ಲ.

ಬಹಳ ಹೊತ್ತಿನ ಮೇಲೆ ಅದು ತಾನಾಗಿ ಎದ್ದು, ಸುತ್ತ ನೋಡಿ, ನಿದ್ದೆ ಮಾಡಿಯೇ ಇಲ್ಲ ಎಂಬಂತೆ ಗಂಟಲು ಸರಿಮಾಡಿಕೊಂಡಿತು.

"ಆ ಮೇಲಿನ ಎರಡು ಮೆಟ್ಟಿಲು ಯಾಕೆ ಹಾಡಲಿಲ್ಲ?"

"ಅಷ್ಟು ಮೇಲೆ ಹೋದ್ರೆ ಮಗು ಎದ್ದುಬಿಡುತ್ತೆ," ಅಂದಳು ಕುರಂಜಿ.

"ಸರಿ. ನಿನಗೆ ದ ಸಾಕು," ಅಂದಿತು ಗಾಳಿ. ಅವಳ ಹಾಡನ್ನು ಎತ್ತಿಕೊಂಡು, ತೊಟ್ಟಿಲಿರುವ ಮನೆಗಳನ್ನು ಹುಡುಕುತ್ತಾ ಹೊರಟಿತು. ಕುರಂಜಿ ಕರಗಲಿಲ್ಲ.

ಇವತ್ತು ಸಂಜೆ ಅಮ್ಮ ನಿನ್ನ ತಮ್ಮನಿಗೆ ಲಾಲಿ ಹಾಡುವಾಗ ಗಮನವಿಟ್ಟು ಕೇಳು: ಕುರಂಜಿ ರಾಗ ತೊಟ್ಟಿಲಿಂದ ಹೊರಟು ದ ತನಕ ಹೋಗಿ, ತುದಿಗೆ ಎರಡೇ ಮೆಟ್ಟಿಲಿರುವಾಗ ತಿರುಗಿ ಬರುತ್ತದೆ, ಆಗ ಕಿಟಕಿಯಾಚೆ ಒಂದೆಲೆಯೂ ಅಲುಗದಿದ್ದರೆ ಗಾಳಿಯೂ ಅಲ್ಲೇ ಎಲ್ಲೋ ಮಲಗಿದೆ ಎಂದು ತಿಳಿದುಕೋ.