ಕೋಣೆ ತೆರೆದ ಬಾಣವ್ವ

ಭಗವಂತ ಕಟ್ಟಿದ ದೇಹವೆಂಬ ಊರಿನಲ್ಲಿ ಬಾಣವ್ವನೆಂಬ ಕಾವಲು ಕಣ ರೋಗಾಣುಗಳಿಗೆ ದೂರದಿಂದಲೇ ಬಾಣ ಬಿಟ್ಟುಕೊಂಡು ಬಾಳುತ್ತಿದ್ದಳು. ಒಂದು ದಿನ ಭಗವಂತನ ಅಪ್ಪಣೆಯಾಗಿ, ಅವಳೊಳಗಿನ ಬಾಣದ ಕೋಣೆಗೆ ಬೀಗ ಬಿತ್ತು. ಅಲ್ಲಿಯವರೆಗೆ ಎಂದೂ ತೆರೆಯದಿದ್ದ, ನುಂಗುವ ವಿದ್ಯೆಯ ಕೋಣೆ ತೆರೆಯಿತು. ಅವಳು ಸೀದಾ ಹೋಗಿ, ರೋಗಾಣುಗಳನ್ನು ನುಂಗುವ ಕಣಗಳ ಸಾಲಿನಲ್ಲಿ ನಿಂತಳು.

"ಬಾಣದವರ ಮಗಳಿಗೆ ಇಲ್ಲೇನಮ್ಮ ಕೆಲಸ? ನುಂಗೋದು ನಮ್ಮ ಕುಲದ ಕಸುಬು" ಎಂದು ಅಲ್ಲಿದ್ದ ನುಂಗಜ್ಜ ಗದರಿದ.

"ಅಜ್ಜಾ, ದೇವರು ನಿಮಗೂ ನನಗೂ ಕೊಟ್ಟಿದ್ದು ಒಂದೇ ಥರದ ಮನೆ, ಅವೇ ಕೋಣೆಗಳು. ನೀವು ತೆರೆದದ್ದನ್ನೇ ಈಗ ನಾನೂ ತೆರೆದಿದ್ದೇನೆ."

"ಹಾಗಾದರೆ ನುಂಗಿ ತೋರಿಸು. ಇಲ್ಲವೋ, ಸಾಲು ಬಿಟ್ಟು ನಡೆ!"

ಅಷ್ಟರಲ್ಲಿ ಗಾಯದಿಂದ ರೋಗಾಣುವೊಂದು ಒಳನುಗ್ಗಿತು. ದೇವರನ್ನು ನೆನೆದು ಬಾಣವ್ವ ಅದನ್ನು ಇಡಿಯಾಗಿ ನುಂಗಿದಳು. ನುಂಗುವವರ ಪದ್ಧತಿಯಂತೆ ಅದರ ಚೂರೊಂದನ್ನು ಉಳಿದ ಕಾವಲು ಕಣಗಳು ನೋಡಿ ಶತ್ರುವಿನ ಗುರುತು ಹಿಡಿಯಲೆಂದು ಮೈಮೇಲೆ ತೂಗುಹಾಕಿಕೊಂಡಳು.

"ಸ್ವಲ್ಪ ಅತ್ತ ಸರಿಯಿರಿ ಅಜ್ಜಾ," ಎಂದಳು, "ಇನ್ನೊಂದು ಬರ್ತಾ ಇದೆ."