ತಲೆಯಿಲ್ಲದ ಬೋರ್ಡು

ಬೋರ್ಡು ಬರೆಯುವ ಸಾಕಮ್ಮನಿಗೆ ಮರಿಗೌಡರು ತಮ್ಮ ಹೊಸ ಕಲ್ಯಾಣ ಮಂಟಪದ ನಲವತ್ತಡಿ ಬೋರ್ಡು ಒಪ್ಪಿಸಿದರು. ಲೆಕ್ಕದ ಚೀಟಿ ನೋಡಿ ಗುಡುಗಿದರು.

“ಬಣ್ಣ ಸರಿ, ಕೂಲಿ ಸರಿ. ಮೇಲ್ಖರ್ಚು ಮೂರು ಸಾವಿರ ಯಾತಕ್ಕೆ?”

“ಅಂಗಡಿ ಬಾಡಿಗೆ, ಕರೆಂಟು, ಏಣಿ ಸವೆತ ಗೌಡ್ರೇ. ಹದಿನೈದು ದಿನ ಬೇರೆ ಕೆಲಸ ಹಿಡಿಯೋ ಹಾಗಿಲ್ಲ. ಇದು ಬರದಿದ್ರೆ ಅಂಗಡಿ ಮುಚ್ಚಬೇಕು.”

“ನಿನ್ನ ಬಾಡಿಗೆ ನಾನು ಕಟ್ಟಲಾ? ಮೇಲಿನದೆಲ್ಲ ತೆಗೆದುಹಾಕು!”

“ಆಗಲಿ,” ಎಂದಳು ಸಾಕಮ್ಮ.

ಉದ್ಘಾಟನೆಯ ಬೆಳಿಗ್ಗೆ ಪರದೆ ಸರಿಯಿತು. ಒಂದಕ್ಷರಕ್ಕೂ ತಲೆಕಟ್ಟಿಲ್ಲ. “ಇದ್ಯಾವ ಭಾಷೆ?” ಎಂದು ನೆಂಟರು ಕತ್ತು ಓರೆ ಮಾಡಿದರು.

“ಏನಮ್ಮಾ ಇದು!” ಗೌಡರು ಬೆವತರು.

“ಮೇಲಿನದೆಲ್ಲ ತೆಗೆ ಅಂದ್ರಿ, ತೆಗೆದೆ. ಬೇಕಿದ್ರೆ ಮೂರು ಸಾವಿರ.”

ಗೌಡರು ಎಣಿಸಿ ಕೊಟ್ಟು, ಏಣಿಯನ್ನೂ ತಾವೇ ಹಿಡಿದುಕೊಂಡರು.

“ಮೊದಲು ನನ್ನ ಹೆಸರಿಗೆ ತಲೆ ಹಾಕು ತಾಯಿ!”