ಹೆಸರೆತ್ತದವಳ ಗುಡ್ಡ

ಮಗುವಿಗೆ ಉಣಿಸಲು ಕೂತರೆ ಸಾಕು, ಗುಡ್ಡ ನೋಡಲು ಬಂದವರು ಬಾಗಿಲಲ್ಲಿ ನಿಲ್ಲುತ್ತಾರೆ. ಇವತ್ತೂ ಬಂದರು. ತುತ್ತು ಅರ್ಧಕ್ಕೆ ನಿಂತು ಮಗು ಕಿರುಚುತ್ತಿದೆ, ಇವರಿಗೆ ಹೆಸರಿನ ಕಥೆ ಬೇಕು. ಬರೆದಿಟ್ಟರೆ ಓದಿಕೊಂಡು ಹೋಗಲಿ ಎಂದು ಬರೆಯುತ್ತಿದ್ದೇನೆ. ಹೆಮ್ಮೆಪಡುವ ಕಥೆಯೇನೂ ಅಲ್ಲ.

ನಮ್ಮ ಗಾಳಿಹಟ್ಟಿಯ ಬೆನ್ನಿಗೆ ನಿಂತಿರುವುದೇ ಹೆಸರೆತ್ತದವಳ ಗುಡ್ಡ. ಮರವಿಲ್ಲ, ಬರೀ ಹುಲ್ಲು. ಪಡುವಣ ಬದಿಗೆ ಕಡಿದಾದ ಕಮರಿ. ಮಳೆಗಾಲ ಮುಗಿದ ಮೇಲೆ ಅಲ್ಲಿಂದ ಮಂಜು ಎದ್ದರೆ ಚಾಚಿದ ಕೈ ಕಾಣುವುದಿಲ್ಲ. ಗಾಳಿಗೆ ಹೆದರಿ ಇಲ್ಲಿನ ಮನೆಗಳು ಗಿಡ್ಡ, ಮಂಜಿಗೆ ಹೆದರಿ ಜನರ ಗಂಟಲು ದೊಡ್ಡದು. ದಾರಿ ತಪ್ಪಿದವರು ಮನೆಯ ಗಂಡಸಿನ ಹೆಸರು ಹಿಡಿದು ಕೂಗಬೇಕು. ಕೇಳಿದವರು ಎದ್ದು ಹೋಗಿ, ಮರುದನಿ ಕೊಡುತ್ತಾ ಕರೆತರಬೇಕು. ಯಾರೆಂದು ಕೇಳಿದರೂ ಹೆಸರು ಹೇಳದ ದನಿ ಮಂಜಿನ ಪೀಡೆಯದು, ಓಗೊಟ್ಟರೆ ಮನೆ ಹೊಗುತ್ತದೆ ಎನ್ನುತ್ತಾರೆ. ಹೆಂಗಸರೂ ಆ ಹೊತ್ತಿಗೆ ಸಂಕೋಚ ಬಿಟ್ಟು ಗಂಡನ ಹೆಸರು ಕೂಗುತ್ತಿದ್ದರು.

ಹಿಂದೆ ಒಮ್ಮೆ ಕೇತೇಗೌಡನೆಂಬವನ ಹೆಂಡತಿ, ಬಯಲಿನ ಊರಿಂದ ಹೊಸದಾಗಿ ಬಂದವಳು, ಹುಲ್ಲು ಕೊಯ್ಯಲು ಗುಡ್ಡಕ್ಕೆ ಹೋಗಿದ್ದಳಂತೆ. ಹಾಡುಹಗಲೇ ಮಂಜು ಕವಿಯಿತು. ಅವಳು ಕೂಗಿದಳು. ಕೇತೇಗೌಡನ ಮನೆಯ ಜಗಲಿಯಲ್ಲಿ ಅವನ ಜೊತೆ ಕೂತಿದ್ದ ಗಂಡಸರು "ಯಾರ ಮನೆಯವಳು?" ಎಂದು ಕೂಗಿ ಕೇಳಿದರು. ಗಂಡನ ಹೆಸರು ಬಾಯಲ್ಲಿ ಎತ್ತಿದರೆ ಅವನ ಆಯುಸ್ಸು ಕುಂದುತ್ತದೆಂದು ತವರಿನಲ್ಲಿ ಕಲಿಸಿ ಕಳಿಸಿದ್ದರು. ಇಲ್ಲಿಯ ರೂಢಿಯನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ನಮ್ಮ ಯಜಮಾನರ ಮನೆಯವಳು!" ಎಂದಳು.

"ಪೀಡೆಗೂ ಯಜಮಾನ ಇದ್ದಾನೇನ್ರೋ?" ಎಂದ ಒಬ್ಬ ಮುದುಕ. ಜಗಲಿ ತುಂಬ ನಗು.

ಕೇತೇಗೌಡನಿಗೆ ದನಿಯ ಗುರುತು ಸಿಕ್ಕಿತು. ಏಳಲು ಹೋದ.

"ಕೂತ್ಕೊಳ್ಲಾ, ಹೆಂಡ್ತಿ ಸೆರಗು ಕಾಣದೆ ಒಂದು ಗಳಿಗೆ ಇರಕ್ಕಾಗಲ್ವಾ? ಕೊಟ್ಟಿಗೇಲಿರ್ತಾಳೆ," ಎಂದು ಅವನ ಅಪ್ಪ ಗದರಿದ. ಮತ್ತೆ ನಗು. ಅವನು ಕೂತುಬಿಟ್ಟ. ಕೊಟ್ಟಿಗೆ ಜಗಲಿಗೆ ಅಂಟಿಕೊಂಡೇ ಇತ್ತು. ಹಣಿಕಿ ನೋಡಲಿಕ್ಕೂ ಯಾರೂ ಏಳಲಿಲ್ಲ. ದನಿ ಅತ್ತ ಇತ್ತ ಸುತ್ತಿ, ಪಡುವಣಕ್ಕೆ ಸರಿದು, ನಿಂತಿತು. ಪೀಡೆ ತೊಲಗಿತು ಎಂದುಕೊಂಡರು. ಮಂಜು ಹರಿದ ಮೇಲೆ ಕಮರಿಯ ಅಂಚಿನಲ್ಲಿ ಹುಲ್ಲಿನ ಹೊರೆ ಸಿಕ್ಕಿತು. ಅವಳು ತಳದಲ್ಲಿ ಸಿಕ್ಕಳು.

ಊರು ತಲೆ ತಗ್ಗಿಸಿತು, ಪೂರ್ತಿಯಾಗಿ ಅಲ್ಲ. ಗುಡ್ಡಕ್ಕೆ ಹೆಸರಿಡುವಾಗಲೂ ತಪ್ಪನ್ನು ಅವಳ ಮೇಲೆಯೇ ಹೊರಿಸಿದರು. ಹೆಸರೆತ್ತದವಳಂತೆ! ಕೂತೇ ಇದ್ದವರ ಹೆಸರು ಯಾವ ಗುಡ್ಡಕ್ಕೂ ಇಲ್ಲ. ಈ ಊರಿನ ಸೊಸೆ ನಾನು. ಬಂದವರಿಗೆ ಇದನ್ನು ಹೇಳುವಾಗ ಮುಖ ಎತ್ತಲಾಗುವುದಿಲ್ಲ.

ಇಂದಿಗೂ ಕಮರಿಯ ಅಂಚಿನಲ್ಲಿ ಸುಣ್ಣ ಬಳಿದ ಕಲ್ಲೊಂದಿದೆ. ಹೊಸ ಸೊಸೆಯನ್ನು ಅಲ್ಲಿಗೆ ಕರೆದೊಯ್ದು, ಗಂಡನ ಹೆಸರನ್ನು ಊರಿಗೆ ಕೇಳುವಂತೆ ಕೂಗಿಸುತ್ತಾರೆ. ನೋಡಲು ಬಂದವರು ಚಪ್ಪಾಳೆ ತಟ್ಟಿ ಫೋಟೊ ತೆಗೆಯುತ್ತಾರೆ. ನಾನೂ ಕೂಗಿದ್ದೆ. ಈ ಸಲ ನನ್ನ ಓರಗಿತ್ತಿ ಪುಟ್ಟತಾಯಿಯ ಸರದಿ. ಅವಳು ಗಂಟಲು ಹರಿಯುವಂತೆ ಕೂಗಿ, ಸೆರಗಿನಿಂದ ಮುಖ ಒರೆಸಿಕೊಂಡು, ನಗುತ್ತಾ ನಿಂತಿದ್ದ ಊರ ಗಂಡಸರನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದಳು.

"ಅಕ್ಕಾ, ನಮಗೆ ಕೂಗೋದು ಕಲಿಸಿದರು. ಇವರಿಗೆ ಎದ್ದು ಬರೋದನ್ನ ಯಾವ ಕಲ್ಲಿನ ಹತ್ತಿರ ಕಲಿಸ್ತಾರೆ?"